ಸಹಾಯ ಬೇಕು: ಫ್ಯಾನ್, ಗೀಸರ್, ಫ್ರಿಜ್ - ಮೊದಲು ಯಾವುದನ್ನು ಬದಲಾಯಿಸುವುದು?

ಸದಸ್ಯರೆಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯ ವಿದ್ಯುತ್ ಬಳಕೆ ಕೆಲವು ತಿಂಗಳುಗಳಲ್ಲಿ 200 ಯೂನಿಟ್ ದಾಟುತ್ತಿದ್ದು, ಗೃಹಜ್ಯೋತಿಯ ನಿಯಮದಂತೆ ಆ ತಿಂಗಳ ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕಾಗುತ್ತದೆ. ಪಿಂಚಣಿಯಲ್ಲೇ ನಡೆಯುವ ಸಂಸಾರಕ್ಕೆ ಇದು ಸಣ್ಣ ಹೊರೆಯಲ್ಲ.

ಸಾಮಾನ್ಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಬಳಸಿದರೆ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನ) ಫ್ಯಾನಿಗೆ 30 ವ್ಯಾಟ್ ಆಸುಪಾಸು ಸಾಕು. ದಿನಕ್ಕೆ 12 ಗಂಟೆ ತಿರುಗುವ ಪ್ರತಿಯೊಂದು ಫ್ಯಾನಿನಿಂದಲೂ ತಿಂಗಳಿಗೆ 16 ಯೂನಿಟ್‌ನಷ್ಟು ಉಳಿಯಬೇಕು. ಆದರೆ ಅದರೊಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಕೆಟ್ಟರೆ ನಮ್ಮೂರಿನಲ್ಲಿ ರಿಪೇರಿ ಮಾಡುವವರು ಸಿಗುತ್ತಾರೆಯೇ, ಹಳೆಯ ಇನ್ವರ್ಟರ್ ಮೇಲೆ ಅದು ಸರಿಯಾಗಿ ಓಡುತ್ತದೆಯೇ ಎಂಬುದನ್ನು ಬಳಸಿದವರಿಂದಲೇ ತಿಳಿಯಬೇಕಾಗಿದೆ.

ನನ್ನ ದೃಷ್ಟಿಯಲ್ಲಿ ಗೀಸರಿನದೇ ದೊಡ್ಡ ಪಾಲು: 2000 ವ್ಯಾಟ್‌ನದು ದಿನಕ್ಕೆ ಒಂದು ಗಂಟೆ ಉರಿದರೂ ತಿಂಗಳಿಗೆ 60 ಯೂನಿಟ್ ಆಗುತ್ತದೆ. ಸೋಲಾರ್ ವಾಟರ್ ಹೀಟರ್ ಹಾಕಿಸೋಣವೆಂದರೆ, ನಮ್ಮ ಟ್ಯಾಂಕಿಗೆ ಕಾವೇರಿ ನೀರಿನ ಜೊತೆ ಬೋರ್‌ವೆಲ್ಲಿನ ಗಡಸು ನೀರೂ ಸೇರುವುದರಿಂದ, ಕೊಳವೆಗಳಲ್ಲಿ ಸುಣ್ಣ ಕಟ್ಟುವ ಚಿಂತೆಯಿದೆ. ಇಂಥದೇ ನೀರಿರುವವರು ಗಾಜಿನ ಕೊಳವೆಯದನ್ನು ಹಾಕಿಸಿದ್ದೀರಾ, ಅಥವಾ ತಾಮ್ರದ ಫಲಕದ್ದನ್ನೇ? ಮೋಡ ಕವಿದ ಆಷಾಢದಲ್ಲಿ ನೀರು ಎಷ್ಟರಮಟ್ಟಿಗೆ ಕಾಯುತ್ತದೆ?

ಫ್ರಿಜ್ ಹಳೆಯದು, ಆದರೂ ಕೆಟ್ಟಿಲ್ಲ. ಹೊಸದನ್ನು ಕೊಳ್ಳುವಾಗ ಸ್ಟಾರ್‌ಗಳಿಗಿಂತ ಲೇಬಲ್ಲಿನಲ್ಲಿರುವ ವಾರ್ಷಿಕ ಯೂನಿಟ್ ಸಂಖ್ಯೆಯನ್ನೇ ಹೋಲಿಸುವುದು ಸರಿಯೆಂದು ನನಗನ್ನಿಸುತ್ತದೆ. ಓಡುತ್ತಿರುವುದನ್ನು ಈಗಲೇ ಬದಲಾಯಿಸಿದವರು, ಬದಲಾವಣೆಯ ಮೊದಲಿನ ಮತ್ತು ನಂತರದ ಬಿಲ್ಲಿನ ಯೂನಿಟ್‌ಗಳನ್ನು ದಯವಿಟ್ಟು ತಿಳಿಸಿದರೆ ತುಂಬಾ ಉಪಕಾರವಾಗುತ್ತದೆ.