ಸಮುದಾಯದ ಕೆಲಸಕ್ಕೆ ಶಾಲೆಯ ಕಂಪ್ಯೂಟರ್: ಮಕ್ಕಳು ನಿಜವಾಗಿ ಪಾಲ್ಗೊಳ್ಳುವುದು ಹೇಗೆ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ):
ಕಳೆದ ವರ್ಷ ನಮ್ಮ ಮಕ್ಕಳಿಂದ ಶಾಲೆಯ ಸುತ್ತಲಿನ ಸಾರ್ವಜನಿಕ ನಲ್ಲಿಗಳ ಸಮೀಕ್ಷೆ ಮಾಡಿಸಿದೆವು. ಪ್ರಶ್ನಾವಳಿಯನ್ನು ನಾನೇ ಬರೆದಿದ್ದೆ. ಕಂಪ್ಯೂಟರ್ ಬಲ್ಲ ಇಬ್ಬರು ಹುಡುಗರು ಸ್ಲೈಡುಗಳನ್ನು ಸಿದ್ಧಪಡಿಸಿದರು, ಉಳಿದವರು ಅವರ ಬೆನ್ನ ಹಿಂದೆ ನಿಂತು ನೋಡಿದರು. ವಾರ್ಷಿಕೋತ್ಸವದಲ್ಲಿ ಚಪ್ಪಾಳೆ ಬಿತ್ತು. ಆದರೆ ಸೋರುತ್ತಿದ್ದ ನಲ್ಲಿಗಳು ಇಂದಿಗೂ ಸೋರುತ್ತಿವೆ, ಆ ಕಡತವನ್ನು ಯಾರೂ ಮತ್ತೆ ತೆರೆದಿಲ್ಲ. ಈ ಬಾರಿ ಎಲ್ಲಿಂದ ಆರಂಭಿಸಬೇಕು?

ಉತ್ತರ 1:
ಮಕ್ಕಳ ಪಾಲ್ಗೊಳ್ಳುವಿಕೆಯನ್ನು ಸಂಶೋಧಕ ರೋಜರ್ ಹಾರ್ಟ್ ಅವರು 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದ್ದಾರೆ. ಮಕ್ಕಳನ್ನು ದಾಳವಾಗಿಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗಷ್ಟೇ ಸೇರಿಸಿಕೊಳ್ಳುವುದು ಎಂಬ ಕೆಳಗಿನ ಮೂರು ಮೆಟ್ಟಿಲುಗಳನ್ನು ಅವರು ಪಾಲ್ಗೊಳ್ಳುವಿಕೆ ಎಂದು ಒಪ್ಪುವುದೇ ಇಲ್ಲ. ನೀವು ಮನಬಿಚ್ಚಿ ಬರೆದಿರುವುದರಿಂದ ನೇರವಾಗಿಯೇ ಹೇಳುತ್ತೇನೆ: ನಿಮ್ಮ ಸಮೀಕ್ಷೆ ಆ ಮೂರರ ಆಸುಪಾಸಿನಲ್ಲೇ ನಿಂತಿತು. ಪ್ರಶ್ನೆ ನಿಮ್ಮದಾಗಿದ್ದರಿಂದ ಉತ್ತರದ ಹೊಣೆಯೂ ನಿಮ್ಮದೇ ಆಯಿತು. ಮೊದಲ ಎರಡು ವಾರ ಕಂಪ್ಯೂಟರ್ ಕೊಠಡಿಯ ಬಾಗಿಲು ತೆರೆಯಬೇಡಿ. ಮಕ್ಕಳು ನೋಟ್‌ಬುಕ್ ಹಿಡಿದು ಸುತ್ತಾಡಲಿ, ತಮ್ಮನ್ನು ಕಾಡುವ ಒಂದು ತೊಂದರೆಯನ್ನು ತಾವೇ ಚರ್ಚಿಸಿ ಆರಿಸಿಕೊಳ್ಳಲಿ.

ಉತ್ತರ 2:
ಮೇಲಿನ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ನಮ್ಮ ವಿದ್ಯಾರ್ಥಿಗಳು ಆರಿಸಿಕೊಂಡದ್ದು ಉರಿಯದ ಬೀದಿದೀಪಗಳನ್ನು. ಅದು ನನಗೆ ಹೊಳೆದಿರಲೇ ಇಲ್ಲ, ಏಕೆಂದರೆ ಸಂಜೆಯ ತರಗತಿ ಮುಗಿಸಿ ಆ ದಾರಿಯಲ್ಲಿ ನಡೆಯುವವರು ಅವರು. ಮೊಬೈಲಿನ ಚಾರ್ಜ್ ಮುಗಿದಾಗ ಒಬ್ಬ ಹುಡುಗಿ ಕಂಬದ ಸಂಖ್ಯೆಗಳನ್ನು ಅಂಗೈ ಮೇಲೆ ಬರೆದುಕೊಂಡು ಬಂದಳು. ಮರುದಿನ ಸ್ಪ್ರೆಡ್‌ಶೀಟಿಗೆ ಅವನ್ನು ತುಂಬುವಾಗ 'ಕಂಬದ ಸಂಖ್ಯೆ', 'ನೋಡಿದ ದಿನಾಂಕ' ಎಂಬ ಕಾಲಂಗಳು ಏಕೆ ಬೇಕೆಂದು ಅವಳೇ ಉಳಿದವರಿಗೆ ವಿವರಿಸಿದಳು. ನಂತರ ಆ ಕಂಬಗಳನ್ನು, ಯಾರು ಬೇಕಾದರೂ ತಿದ್ದಬಹುದಾದ, 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಅಂತರಜಾಲ ನಕ್ಷೆಯಲ್ಲಿ ಗುರುತಿಸಿದೆವು. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಕಾಲರಾ ಸಾವುಗಳನ್ನು ನಕ್ಷೆಯಲ್ಲಿ ಗುರುತಿಸಿ, ಅವು ಒಂದು ನೀರಿನ ಪಂಪಿನ ಸುತ್ತ ಒತ್ತಾಗಿರುವುದನ್ನು ತೋರಿಸಿದ್ದನ್ನು ಹೇಳಿದ ಮೇಲೆ, ಚುಕ್ಕೆ ಇಡುವುದು ಮಕ್ಕಳಿಗೆ ಬೇಸರದ ಕೆಲಸವಾಗಿ ಕಾಣಲಿಲ್ಲ.

ಇಬ್ಬರೇ ಕಂಪ್ಯೂಟರ್ ಹಿಡಿದು ಕೂರುವ ತೊಂದರೆಗೆ ಒಂದು ನಿಯಮ ಮಾಡಿದೆವು: ಕೀಲಿಮಣೆ ಹಿಡಿದವರು ತಾವಾಗಿ ಏನನ್ನೂ ತುಂಬುವಂತಿಲ್ಲ, ಪಕ್ಕದವರು ಹೇಳಿದ್ದನ್ನು ಮಾತ್ರ ತುಂಬಬೇಕು, ಹದಿನೈದು ನಿಮಿಷಕ್ಕೊಮ್ಮೆ ಜಾಗ ಬದಲಾಗಬೇಕು. ನುರಿತ ಹುಡುಗರು ಮೊದಲು ಗೊಣಗಿದರು, ಆಮೇಲೆ ಒಗ್ಗಿಕೊಂಡರು.

ಉತ್ತರ 3:
ಒಂದು ಎಚ್ಚರಿಕೆ ಅಗತ್ಯ. ಮನೆಯವರ ಹೆಸರು, ಫೋನ್ ಸಂಖ್ಯೆ, ಮಕ್ಕಳ ಮುಖ ಕಾಣುವ ಚಿತ್ರ ಇವು ಯಾವುವೂ ಸಾರ್ವಜನಿಕ ನಕ್ಷೆಗೆ ಹೋಗಬಾರದು. ಮತ್ತೊಂದು, ಫಲಿತಾಂಶವನ್ನು ಶಾಲೆಯ ವೇದಿಕೆಯಲ್ಲಿ ತೋರಿಸುವ ಮೊದಲು ಮಾಹಿತಿ ಕೊಟ್ಟವರ ಮುಂದೆಯೇ ಇಡಿ. ನಾವು ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿ ನೆಲದ ಮೇಲೆ ಹಾಸಿದಾಗ, ಕಂಪ್ಯೂಟರನ್ನು ಎಂದೂ ಮುಟ್ಟದ ಹಿರಿಯರೊಬ್ಬರು ಬಾಗಿ ನೋಡಿ, ಮಕ್ಕಳು ಬಿಟ್ಟಿದ್ದ ಎರಡು ಓಣಿಗಳನ್ನು ಬೆರಳಿಟ್ಟು ತೋರಿಸಿದರು. ದುರಸ್ತಿಯ ಮನವಿಗೆ ಸಹಿ ಹಾಕಿದವರಲ್ಲಿ ಅವರೇ ಮೊದಲಿಗರು.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಧನ್ಯವಾದಗಳು. ಸೋಮವಾರ ನೋಟ್‌ಬುಕ್ಕುಗಳೊಂದಿಗೆ ಹೊರಡುತ್ತೇವೆ. ಹಳೆಯ ನಲ್ಲಿಗಳ ಕಡತವನ್ನೂ ಮಕ್ಕಳಿಗೇ ಒಪ್ಪಿಸುತ್ತೇನೆ. ಅದನ್ನು ಮುಂದುವರಿಸಬೇಕೇ ಬಿಡಬೇಕೇ ಎಂಬುದನ್ನು ಅವರೇ ತೀರ್ಮಾನಿಸಲಿ.