ಗೋಮಾಳಕ್ಕೆ ಬೇಲಿ: ಮೇಯಿಸೋ ಪರ್ಮಿಟ್ ಯಾರ ಹೆಸರಲ್ಲಿದೆ?

ಸಂಘದ ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಪಾರ್ಕಿಗೆ ದನ ನುಗ್ಗುವ ವಿಷಯ ಗ್ರೂಪಿನಲ್ಲಿ ಹತ್ತು ಕಡೆ ಚೆಲ್ಲಾಪಿಲ್ಲಿಯಾಗಿದೆ, ಇನ್ನು ಇಲ್ಲೇ ಬರೆಯಿರಿ. ಪಶ್ಚಿಮದ ಕಾಂಪೌಂಡ್ ಆಚೆಯ ಹುಲ್ಲುಗಾವಲಿಗೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದಿದ್ದಾರೆ. ಅಲ್ಲಿ ಮೇಯುತ್ತಿದ್ದ ಊರಿನ ದನ, ಕುರಿ ಈಗ 3ನೇ ಅಡ್ಡರಸ್ತೆಯ ಗೇಟಿನಿಂದ ಒಳಗೆ ಬರುತ್ತಿವೆ.

ಮನೆ 112: ಮೇಯಿಸೋಕೆ ಪರ್ಮಿಟ್ ಯಾರಿಗೆ ಕೊಟ್ಟಿದ್ದಾರೆ ಅಂತ ತಾಲ್ಲೂಕು ಆಫೀಸಲ್ಲಿ ಆರ್‌ಟಿಐ ಹಾಕಿ, ಅವರ ಮೇಲೇ ದೂರು ಕೊಡೋಣ. ಪರ್ಮಿಟ್ ಕ್ಯಾನ್ಸಲ್ ಆದ್ರೆ ದನನೂ ಬರಲ್ಲ.

ನಿವೃತ್ತ ಸರ್ವೇಯರ್, 4ನೇ ಅಡ್ಡರಸ್ತೆ: ಸ್ವಲ್ಪ ತಡೀರಿ ಸಾರ್. ಹಾಗೆ ಕೇಳಿದರೆ "ಅಂಥ ದಾಖಲೆ ಕಚೇರಿಯಲ್ಲಿ ಲಭ್ಯವಿಲ್ಲ" ಅಂತ ಒಂದೇ ಸಾಲಿನ ಉತ್ತರ ಬರುತ್ತದೆ. ಅದು ಸುಳ್ಳೂ ಆಗಿರುವುದಿಲ್ಲ. ಗೋಮಾಳದಲ್ಲಿ, ಅಂದರೆ ಊರ ದನ ಮೇಯಲು ಬಿಟ್ಟ ಸರ್ಕಾರಿ ಜಮೀನಿನಲ್ಲಿ, ಮೇಯಿಸಲು ಇಂಥವರಿಗೆ ಅಂತ ಪರ್ಮಿಟ್ ಇರುವುದೇ ಇಲ್ಲ. 1964ರ ಭೂಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ಡಿ.ಸಿ. ಜಮೀನನ್ನು ಮೀಸಲಿಡುತ್ತಾರೆ, 72ನೇ ಕಲಂ ಪ್ರಕಾರ ಮೇಯುವ ಹಕ್ಕು ಆ ಊರಿನ ದನಗಳಿಗೆ. ದನದ ಯಜಮಾನನ ಹೆಸರು ಯಾವ ವಹಿಯಲ್ಲೂ ಬರೆದಿರುವುದಿಲ್ಲ. ಊರಿನವರ ಮೇಲೆ ದೂರು ಕೊಟ್ಟರೆ ಹಕ್ಕಿದ್ದವರ ಮೇಲೇ ಕೊಟ್ಟಂತಾಗುತ್ತದೆ. ಹುಡುಕಬೇಕಾದ್ದು ಬೇಲಿ ಹಾಕಿದವರ ಕೈಯಲ್ಲಿ ಯಾವ ಆದೇಶ ಇದೆ, ಅದರ ನಂಬರ್ ಏನು ಅಂತ.

ಮನೆ 112: ಓ, ಇದು ಗೊತ್ತಿರಲಿಲ್ಲ. ಆದ್ರೆ ಪರ್ಮಿಟ್ ಅನ್ನೋದು ಎಲ್ಲೂ ಇಲ್ವಾ?

ವಕೀಲರು, ಮನೆ 27: ಇದೆ, ಜಮೀನಿನ ಜಾತಿ ಬೇರೆ ಆದಾಗ. ಅರಣ್ಯವಾದರೆ ದನ ಬಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು, ದಾಖಲೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಡಿ) ಅಡಿ ಮೇಯಿಸುವುದು ಸಮುದಾಯದ ಹಕ್ಕು, ವಲಸೆ ಕುರಿಗಾಹಿಗಳದ್ದೂ ಸೇರಿ. ಆ ಹಕ್ಕುಪತ್ರ ಒಬ್ಬರ ಹೆಸರಿಗಲ್ಲ, ಗ್ರಾಮಸಭೆ ಅಥವಾ ಸಮುದಾಯದ ಹೆಸರಿಗೆ. ಅಮೃತಮಹಲ್ ತಳಿಯ ದನಕ್ಕೆ ಮೀಸಲಾದ ಕಾವಲಾದರೆ ಪಶುಸಂಗೋಪನಾ ಇಲಾಖೆಯನ್ನು ಕೇಳಬೇಕು. ಹಾಗಾಗಿ ಮೊದಲು ಜಮೀನು ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ. ತಪ್ಪು ಇಲಾಖೆಗೆ ಹೋದ ಅರ್ಜಿ ವರ್ಗಾವಣೆಯಾಗಿ ಸುತ್ತುತ್ತಾ ಇರುತ್ತದೆ.

ಮನೆ 58: ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್‌ನಲ್ಲಿ ಬೇಲಿ ಪಕ್ಕ ನಿಂತು ನೋಡಿದೆ. ಸರ್ವೆ ನಂಬರ್ 61, ಸರ್ಕಾರಿ ಜಮೀನು ಅಂತ ಬಂತು. ಎರಡು ಹೆಜ್ಜೆ ಈಚೆ ಬಂದರೆ 60 ಅನ್ನುತ್ತೆ.

ನಿವೃತ್ತ ಸರ್ವೇಯರ್: ನಂಬರ್ ತಿಳಿಯಲು ದಿಶಾಂಕ್ ಸಾಕು, ಗಡಿ ತೀರ್ಮಾನಕ್ಕೆ ಆಗದು. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ನಕ್ಷೆ ಕೂರಿಸಿದ್ದರಲ್ಲೂ ವ್ಯತ್ಯಾಸ ಇರುತ್ತದೆ. ಆ ಸ್ಕ್ರೀನ್‌ಶಾಟ್ ದೂರಿಗೆ ಲಗತ್ತಿಸಬೇಡಿ, ಎದುರಿನವರು ಮೊದಲು ಹಿಡಿಯುವುದೇ ಅದನ್ನು. ಗಡಿ ಬೇಕಾದರೆ ಬಾಂದು ಕಲ್ಲಿನಿಂದ (ಸರ್ವೆಯ ಗಡಿಕಲ್ಲು) ಅಳೆದು ಹದ್ದುಬಸ್ತು, ಅಂದರೆ ಗಡಿ ಗುರುತು, ಆಗಬೇಕು. ಸರ್ಕಾರಿ ಜಮೀನಿಗೆ ಅದನ್ನು ತಹಶೀಲ್ದಾರರು ಮಾಡಿಸಬೇಕು.

61ಕ್ಕೆ ಈಗ ಮೂರು ಕಾಗದ ತೆಗೆಯಿರಿ: ಪಹಣಿ, ಆಕಾರ್‌ಬಂದ್ (ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಬರೆದ ಸರ್ವೆ ದಾಖಲೆ), ಗ್ರಾಮ ನಕ್ಷೆ. ಪಹಣಿ ತೆಗೆಯುವಾಗ ಬರೀ 61 ಹಾಕಿ ಬಿಡಬೇಡಿ, ಕೆಳಗಿನ ಪಟ್ಟಿಯಲ್ಲಿ ಪಿ1, ಪಿ2 ಅಂತ ಎಷ್ಟಿವೆಯೋ ಅಷ್ಟನ್ನೂ ತೆಗೆಯಬೇಕು. ಗೋಮಾಳದಲ್ಲಿ ಮಂಜೂರಾಗಿ, ಪೋಡಿ (ಅಳೆದು ಬೇರ್ಪಡಿಸುವುದು) ಆಗದೆ ಉಳಿದ ತುಂಡುಗಳಿಗೆ ಹಾಗೆ ಪಿ ನಂಬರ್ ಕೊಟ್ಟಿರುತ್ತಾರೆ. 9ನೇ ಕಾಲಂನಲ್ಲಿ ಹೆಸರು, 10ರಲ್ಲಿ ಅದು ಹೇಗೆ ಬಂತು, 11ರಲ್ಲಿ ಇತರೆ ಹಕ್ಕು ಮತ್ತು ಋಣ. 10ರಲ್ಲಿರುವ ಎಂ.ಆರ್. ನಂಬರ್, ಅಂದರೆ ಹಕ್ಕು ಬದಲಾವಣೆ ಬರೆಯುವ ಮ್ಯುಟೇಶನ್ ವಹಿಯ ನಂಬರ್, ಮುಖ್ಯ. 12ನೇ ಕಾಲಂನ ಸಾಗುವಳಿದಾರರ ಹೆಸರು ನೋಡಿ ಯಾರೂ ಗಾಬರಿಯಾಗಬೇಡಿ, ಅದರಿಂದ ಮಾಲೀಕತ್ವ ಬರುವುದಿಲ್ಲ.

ಮನೆ 58: ತೆಗೆದೆ ಸಾರ್. 61ರಲ್ಲಿ ಸರ್ಕಾರಿ ಗೋಮಾಳ 31 ಎಕರೆ 20 ಗುಂಟೆ. ಪಿ1ರಿಂದ ಪಿ9ರವರೆಗೆ ಒಟ್ಟು 34 ಎಕರೆ. ಆಕಾರ್‌ಬಂದ್‌ನಲ್ಲಿ ಪೂರ್ತಿ 61ಕ್ಕೆ ಇರೋದೇ 58 ಎಕರೆ 20 ಗುಂಟೆ.

ನಿವೃತ್ತ ಸರ್ವೇಯರ್: ನೋಡಿ, ಏಳು ಎಕರೆ ಜಾಸ್ತಿ! ನೆಲ ಬೆಳೆಯುವುದಿಲ್ಲ, ಕಾಗದ ಬೆಳೆಯುತ್ತದೆ. ಆದರೆ ಇದನ್ನು ನೋಡಿದ ಕೂಡಲೇ ಎಲ್ಲ ನಕಲಿ ಅನ್ನಬೇಡಿ. ಸ್ಥಳ ಅಳೆಯದೆ ಅಂದಾಜಿನ ಮೇಲೆ ಮಂಜೂರು ಮಾಡಿದ್ದು, ಒಂದೇ ಆದೇಶ ಎರಡು ಸಲ ಪಹಣಿಗೆ ಏರಿದ್ದು, ಮಂಜೂರಾದಷ್ಟನ್ನು ಮೂಲ 61ರಿಂದ ಕಳೆಯದೆ ಬಿಟ್ಟದ್ದು, ಇವೂ ಕಾರಣ ಇರಬಹುದು. ಮೂಲ ಕಡತವೇ ಇಲ್ಲದೆ ಪಹಣಿಯಲ್ಲಿ ಹೆಸರು ಬಂದದ್ದೂ ಇರಬಹುದು. ಯಾವುದು ಅಂತ ತಿಳಿಯಲು ಒಂದೊಂದು ಪಿ ನಂಬರಿಗೂ ಸರಪಳಿ ಹಿಡಿಯಬೇಕು: ಎಂ.ಆರ್., ಅದರಲ್ಲಿ ಬರೆದ ಮಂಜೂರಾತಿ ಆದೇಶ, ಮಂಜೂರಾದವರಿಗೆ ಕೊಡುವ ಸಾಗುವಳಿ ಚೀಟಿ, ಹಣ ಕಟ್ಟಿದ ಚಲನ್. ಆದೇಶದ ನಂಬರ್ ಎಲ್‌ಎನ್‌ಡಿ ಅಂತ ಶುರುವಾಗುತ್ತದೆ. ಅಕ್ರಮ–ಸಕ್ರಮದ್ದಾದರೆ, ಅಂದರೆ ಅನುಮತಿಯಿಲ್ಲದೆ ಉಳುತ್ತಿದ್ದ ಸರ್ಕಾರಿ ಜಮೀನನ್ನು ಅವರಿಗೇ ಮಂಜೂರು ಮಾಡಿದ್ದಾದರೆ, ಆರ್‌ಯುಒ ಅಂತಲೂ ಇರುತ್ತದೆ. ಚೀಟಿ ನಕಲಿ ಮಾಡುವುದು ಸುಲಭ. ವರ್ಷಗಳ ಹಿಂದಿನ ಸಾಗುವಳಿ ಚೀಟಿ ವಿತರಣಾ ವಹಿಯಲ್ಲಿ ನಡುವೆ ಸಾಲು ತೂರಿಸುವುದು ಕಷ್ಟ, ಶಾಯಿ ಮತ್ತು ಅಕ್ಷರ ಬೇರೆಯಾಗಿ ಎದ್ದು ಕಾಣುತ್ತದೆ. ಹಾಗಾಗಿ ವಹಿಯ ಪ್ರತಿ ಮಾತ್ರ ತಗೊಂಡು ಸುಮ್ಮನಾಗದೆ ಮೂಲವನ್ನೇ ಪರಿಶೀಲಿಸಲು ಕೇಳಿ.

ಮನೆ 203: ಆರ್‌ಟಿಐ ಬರೆಯೋದು ಹೇಗೆ ಮೇಡಂ? ಒಂದೇ ಅರ್ಜಿಯಲ್ಲಿ ಎಲ್ಲಾ ಕೇಳಬಹುದಾ?

ವಕೀಲರು, ಮನೆ 27: ಬೇಡ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉದ್ದ ಬರೆದರೆ ತಿರಸ್ಕರಿಸಲು ಅವರಿಗೆ ನೆಪ ಸಿಗುತ್ತದೆ. 10 ರೂಪಾಯಿ ಶುಲ್ಕ, ಬೇರೆ ಬೇರೆ ಮನೆಯವರ ಹೆಸರಲ್ಲಿ ನಾಲ್ಕು ಅರ್ಜಿ ಹಾಕೋಣ.

ತಾಲ್ಲೂಕು ಕಚೇರಿಗೆ ಎರಡು. ಒಂದರಲ್ಲಿ 61/ಪಿ1ರಿಂದ ಪಿ9ರ ಮಂಜೂರಾತಿ ಕಡತಗಳು, ಮತ್ತೊಂದರಲ್ಲಿ ಸಾಗುವಳಿ ಚೀಟಿ ವಿತರಣಾ ವಹಿಯ ಪರಿಶೀಲನೆ. ಮೂರನೆಯದು ಸರ್ವೆ ಇಲಾಖೆಯ ಎಡಿಎಲ್‌ಆರ್ (ಭೂದಾಖಲೆಗಳ ಸಹಾಯಕ ನಿರ್ದೇಶಕರು) ಕಚೇರಿಗೆ, 61ರ ಟಿಪ್ಪಣಿ (ಮೂಲ ಅಳತೆಯ ನಕ್ಷೆ) ಮತ್ತು ಪೋಡಿ ದಾಖಲೆಗಾಗಿ. ನಾಲ್ಕನೆಯದು ಡಿ.ಸಿ. ಕಚೇರಿಗೆ: ಈ ಗೋಮಾಳದ ವಿಸ್ತೀರ್ಣ ತಗ್ಗಿಸಿದ ಆದೇಶ ಅಥವಾ ಯಾವುದಾದರೂ ಸಂಸ್ಥೆಗೆ ಗುತ್ತಿಗೆ ಕೊಟ್ಟ ಆದೇಶ ಇದ್ದರೆ ಅದರ ಪ್ರತಿ. "ಏಕೆ ಕೊಟ್ಟಿರಿ", "ಕ್ರಮ ಏಕಿಲ್ಲ" ಅಂತ ಪ್ರಶ್ನೆ ಹಾಕಬೇಡಿ, ದಾಖಲೆಯ ಹೆಸರು ಹೇಳಿ ದೃಢೀಕೃತ ನಕಲು ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ. "ವೈಯಕ್ತಿಕ ಮಾಹಿತಿ" ಅಂತ ಹೆಸರು ಮುಚ್ಚಿದರೆ ಆರ್‌ಟಿಐ ಕಾಯ್ದೆಯ 4(1)(ಬಿ)(xiii) ಕಲಮನ್ನು ಮೇಲ್ಮನವಿಯಲ್ಲಿ ಬರೆಯಿರಿ. ರಿಯಾಯಿತಿ, ಪರವಾನಗಿ, ಅನುಮತಿ ಪಡೆದವರ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಅನ್ನುವುದು ಅದೇ ಕಲಂ. ಜೊತೆಗೆ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ 61ಕ್ಕೆ ಇ.ಸಿ. (ನೋಂದಣಿಯಾದ ಮಾರಾಟ, ಸಾಲಗಳ ಋಣಭಾರ ಪತ್ರ) ತೆಗೆಸಿ. ಆನ್‌ಲೈನಿನಲ್ಲಿ 2004ರಿಂದೀಚಿನದು ಸಿಗುತ್ತದೆ, ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಹೋಗಬೇಕು.

ಮನೆ 58: ಇ.ಸಿ. ಯಾಕೆ ಮೇಡಂ?

ವಕೀಲರು, ಮನೆ 27: ಬೇಲಿ ಹಾಕಿದವರು ಮಂಜೂರಾತಿ ಪಡೆದವರಲ್ಲ, ಅವರಿಂದ ಕೊಂಡವರೂ ಇರಬಹುದು. 1969ರ ಭೂ ಮಂಜೂರಾತಿ ನಿಯಮದಲ್ಲಿ 15 ವರ್ಷ ಪರಭಾರೆ ಮಾಡುವಂತಿಲ್ಲ ಅನ್ನುವ ಷರತ್ತಿದೆ. ಪರಿಶಿಷ್ಟರಿಗೆ ಕೊಟ್ಟ ಜಮೀನಾದರೆ ಅದರ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಇದೆ, ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ. ಆಗ ಜಮೀನು ಮೂಲ ಮಂಜೂರಿದಾರರ ಕುಟುಂಬಕ್ಕೇ ಹಿಂದಿರುಗಬಹುದು, ನಮಗೆ ಗೋಮಾಳ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ.

ಮನೆ 112: ಈ ಅಕ್ರಮ–ಸಕ್ರಮದಲ್ಲಿ ಗೋಮಾಳ ಕೊಡೋಕೆ ಬರುತ್ತಾ?

ನಿವೃತ್ತ ಸರ್ವೇಯರ್: ದನದ ಲೆಕ್ಕಕ್ಕೆ ಬೇಕಾದಷ್ಟು ಬಿಟ್ಟು ಉಳಿದದ್ದಕ್ಕೆ. 1966ರ ಭೂಕಂದಾಯ ನಿಯಮ 97ರಲ್ಲಿ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್ ಅಂತಿದೆ, ಹಳೆಯ ಮಾತಿನಲ್ಲಿ ಸುಮಾರು 30 ಎಕರೆ. ಊರಲ್ಲಿ 180 ಇದ್ದರೆ 21.6 ಹೆಕ್ಟೇರ್, ಅಂದರೆ 53 ಎಕರೆ 15 ಗುಂಟೆಯಷ್ಟು ಇರಲೇಬೇಕು. 61ರ ಜೊತೆ ಅದೇ ಗ್ರಾಮದ ಬೇರೆ ಗೋಮಾಳ ನಂಬರುಗಳನ್ನೂ ಕೂಡಿಸಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಜಾನುವಾರು ಸಂಖ್ಯೆ ಪಶು ಆಸ್ಪತ್ರೆಯಲ್ಲಿ ಸಿಗುತ್ತದೆ. ಮಂಜೂರಾದ ವರ್ಷದ ಆಸುಪಾಸಿನ ಗಣತಿ ತಗೊಳ್ಳಿ. ಇವತ್ತಿನ ಸಂಖ್ಯೆ ಹಾಕಿದರೆ "ದನವೇ ಇಲ್ಲ, ಗೋಮಾಳ ಯಾಕೆ" ಅನ್ನುತ್ತಾರೆ. ಬೇಲಿ ಬಿದ್ದ ಮೇಲೆ ದನ ಮಾರಿರುತ್ತಾರೆ, ಸಂಖ್ಯೆ ಇಳಿದೇ ಇರುತ್ತದೆ.

ವಕೀಲರು, ಮನೆ 27: ಇನ್ನೆರಡು ಸೇರಿಸುತ್ತೇನೆ. ಬೆಂಗಳೂರಿನ ಎಲ್ಲೆಯಿಂದ 18 ಕಿ.ಮೀ. ಒಳಗೆ ಸಕ್ರಮಕ್ಕೆ ಅವಕಾಶವಿಲ್ಲ, ಅಳತೆ ನೋಡಿ. ಸಕ್ರಮಕ್ಕೆ ಹಾಕಿದ್ದು ನಮೂನೆ 57ರ ಅರ್ಜಿಯಾದರೆ 2005ರ ಜನವರಿ 1ಕ್ಕೆ ಮೊದಲೇ ಸಾಗುವಳಿ ಇದ್ದಿರಬೇಕು. ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಕ್ಕೆ ಹೋಗಿ ನೋಡಿದರೆ ಉಳುಮೆಯ ಗೆರೆ ಇತ್ತೋ ಹುಲ್ಲೋ ಗೊತ್ತಾಗುತ್ತದೆ. ಬಗರ್‌ಹುಕುಂ (ಇದೇ ಅಕ್ರಮ ಸಾಗುವಳಿ) ಆ್ಯಪ್ ತಂದಾಗ ಸರ್ಕಾರವೇ ಉಪಗ್ರಹ ಚಿತ್ರ ನೋಡಲು ಶುರುಮಾಡಿದೆ.

ಮನೆ 203: ಅಷ್ಟರಲ್ಲಿ ಅವರು ಕಟ್ಟಡ ಎಬ್ಬಿಸಿಬಿಟ್ಟರೆ?

ವಕೀಲರು, ಮನೆ 27: ಅದಕ್ಕೆ ಇವತ್ತೇ ತಹಶೀಲ್ದಾರರಿಗೆ ಮನವಿ ಕೊಡಬೇಕು, ಆರ್‌ಟಿಐಗೆ ಕಾಯಬಾರದು. ಆದೇಶವಿಲ್ಲದ ಒತ್ತುವರಿಯಾದರೆ ಭೂಕಂದಾಯ ಕಾಯ್ದೆಯ 104ನೇ ಕಲಂ ಅಡಿ ತೆರವು, 192ಎ ಅಡಿ ಕ್ರಿಮಿನಲ್. ಆದೇಶ ಇದ್ದು ಅದೇ ತಪ್ಪಾಗಿದ್ದರೆ ದಾರಿ ಬೇರೆ: ಮ್ಯುಟೇಶನ್ ವಿರುದ್ಧ ಎ.ಸಿ. (ಉಪವಿಭಾಗಾಧಿಕಾರಿ) ಮುಂದೆ 136(2), ಡಿ.ಸಿ. ಮುಂದೆ 136(3). ಬೆಂಗಳೂರಿನ ಭೂಕಬಳಿಕೆ ವಿಶೇಷ ನ್ಯಾಯಾಲಯಕ್ಕೆ ಖಾಸಗಿಯವರೂ ಹೋಗಬಹುದು, ಆದರೆ ಸರಪಳಿ ಕಾಗದ ಕೈಗೆ ಬರುವ ಮುಂಚೆ ಬೇಡ. ಮನವಿಯಲ್ಲಿ "ಭೂಗಳ್ಳರು" ಅನ್ನುವ ಪದ ಹಾಕಬೇಡಿ, ಯಾರ ಹೆಸರೂ ಬೇಡ. "61ರಲ್ಲಿ ಬೇಲಿ ಹಾಕಿದವರು" ಸಾಕು. ಗ್ರೂಪಿನಲ್ಲೂ ಹೆಸರು ಹಾಕಿದವರ ಮೆಸೇಜ್ ಅಳಿಸುತ್ತೇನೆ.

ಹಳ್ಳಿ ಡೇರಿ ಸದಸ್ಯರು: ನಾನು ಊರವನು, ನಿಮ್ಮ ಕಾರ್ಯದರ್ಶಿ ಸೇರಿಸಿದರು. ಮನವಿಗೆ ನಮ್ಮ ಸಹಿ ಇದ್ದರೆ ತೂಕ ಬೇರೆ, ಯಾಕಂದ್ರೆ 72ರ ಹಕ್ಕು ನಮ್ಮ ದನದ್ದು. ಹಾಲು ಹಾಕೋರ ಪಟ್ಟಿ ಡೇರಿಯಲ್ಲಿದೆ, ಅದರಲ್ಲಿ ದನದ ಲೆಕ್ಕವೂ ಸುಮಾರಾಗಿ ಸಿಗುತ್ತದೆ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಅದರ ನಕಲೂ ಲಗತ್ತಿಸೋಣ. ಕುರಿಯವರು ಮಾತ್ರ ಬೇರೆ ಊರಿನವರು, ಹಂಗಾಮಿಗೆ ಬರ್ತಾರೆ. ಅವರನ್ನು ಇದರಲ್ಲಿ ಎಳೀಬೇಡಿ.

ಕಾರ್ಯದರ್ಶಿ: ಆಯ್ತು ಅಣ್ಣ. ಭಾನುವಾರ ಬೆಳಿಗ್ಗೆ 10ಕ್ಕೆ ಡೇರಿ ಮುಂದೆ ಸಹಿ. 58ನೇ ಮನೆಯವರು ಒಂಬತ್ತು ಪಿ ನಂಬರಿನ ಪಹಣಿ ಎರಡೆರಡು ಪ್ರತಿ ತನ್ನಿ. ನಾಲ್ಕು ಆರ್‌ಟಿಐಗೆ 27, 58, 112, 203. ಸ್ವೀಕೃತಿ ಮುದ್ರೆ ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ. 3ನೇ ಅಡ್ಡರಸ್ತೆ ಗೇಟಿಗೆ ಚಿಲಕ ಹಾಕಿಸುತ್ತಿದ್ದೇನೆ, ದನ ಕಂಡರೆ ಕಲ್ಲು ಹೊಡೆಯದೆ ಡೇರಿಯವರಿಗೆ ಫೋನ್ ಮಾಡಿ.