ಸಹಾಯ ಬೇಕು: ಹೆರಿಗೆ ಆದ್ಮೇಲೆ ಅಕ್ಕನ ಕಿಡ್ನಿ ಕೆಲಸ ನಿಲ್ಲಿಸಿದೆ

ಎಲ್ರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟು. ಅಕ್ಕಂಗೆ ಎಂಟನೇ ತಿಂಗಳಲ್ಲಿ ಬಿಪಿ ಏರಿ ಬೇಗ ಹೆರಿಗೆ ಮಾಡಿಸ್ಬೇಕಾಯ್ತು, ಆಮೇಲೆ ರಕ್ತಸ್ರಾವ ನಿಲ್ಲಲೇ ಇಲ್ಲ, ಮೊದಲು ಹೋದ ಕಡೆ ರಕ್ತ ಸ್ಟಾಕ್ ಇರ್ಲಿಲ್ಲ, ದೊಡ್ಡ ಆಸ್ಪತ್ರೆ ಮುಟ್ಟೋಷ್ಟ್ರಲ್ಲಿ ಯೂರಿನ್ ಪೂರ್ತಿ ನಿಂತೋಗಿತ್ತು. ಮಗು ಹುಷಾರಾಗಿದೆ, ಪುಣ್ಯ.

ಕ್ರಿಯಾಟಿನಿನ್ (ಕಿಡ್ನಿ ಕೆಲಸ ಕಮ್ಮಿ ಆದಷ್ಟೂ ರಕ್ತದಲ್ಲಿ ಏರೋ ಕಸ) ಈಗ 6.2. ಏಳನೇ ತಿಂಗಳಲ್ಲಿ 1.1 ಬಂದಿತ್ತು, ರಿಪೋರ್ಟಲ್ಲಿ ನಾರ್ಮಲ್ ಅಂತಾನೇ ಪ್ರಿಂಟಾಗಿತ್ತು, ಆದ್ರೆ ಬಸುರಿ ಹೆಂಗಸ್ರಿಗೆ ಅದು ಸಾಮಾನ್ಯವಾಗಿ 0.4ರಿಂದ 0.8 ಒಳಗೇ ಇರುತ್ತೆ ಅಂತ ನಮಗೆ ಈಗ ಗೊತ್ತಾಗಿದ್ದು (ಹೊಟ್ಟೆ ಉರಿಯುತ್ತೆ).

ದಿನ ಬಿಟ್ಟು ದಿನ ಡಯಾಲಿಸಿಸ್ ನಡೀತಿದೆ, 9 ಸಲ ಆಯ್ತು. ಬರೀ ಟ್ಯೂಬುಲರ್ ನೆಕ್ರೋಸಿಸ್ (ಕಿಡ್ನಿ ಒಳಗಿನ ಸಣ್ಣ ನಳಿಗೆಗಳಿಗೆ ಪೆಟ್ಟು) ಆಗಿದ್ರೆ ಕೆಲವು ವಾರದಲ್ಲಿ ಕಿಡ್ನಿ ಚೇತರಿಸ್ಕೊಳ್ಳುತ್ತೆ, ಕಾರ್ಟಿಕಲ್ ನೆಕ್ರೋಸಿಸ್ (ಕಿಡ್ನಿಯ ಹೊರಪದರಾನೇ ಸತ್ತೋಗೋದು) ಆಗಿದ್ರೆ ಪೂರ್ತಿ ವಾಪಸ್ ಬರೋದು ಕಷ್ಟ, ಬಯಾಪ್ಸಿ (ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ಟೆಸ್ಟ್) ಮಾಡಿ ನೋಡೋಣ ಅಂತಿದಾರೆ ಡಾಕ್ಟ್ರು. ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಇನ್ನೂ ಕಡಿಮೆ ಇದೆ, ಬಯಾಪ್ಸಿ ಮಾಡಿದ್ರೆ ಮತ್ತೆ ರಕ್ತಸ್ರಾವ ಆಗುತ್ತೇನೋ ಅಂತ ಭಯ.

ಇದೇ ಥರ ಆದೋರು ಯಾರಾದ್ರೂ ಇದ್ರೆ ಹೇಳಿ, ಯೂರಿನ್ ವಾಪಸ್ ಬರೋಕೆ ಎಷ್ಟು ದಿನ ಹಿಡೀತು? ಬಯಾಪ್ಸಿ ಬೇಗ ಮಾಡಿಸಿದ್ರಾ ಕಾದ್ರಾ? ಡಯಾಲಿಸಿಸ್ ಮಧ್ಯೆ ಎದೆಹಾಲು ಕೊಡೋಕಾಯ್ತಾ, ಬಿಪಿ ಮಾತ್ರೆ ಯಾವ್ದು ಕೊಟ್ರು? ನೆಫ್ರಾಲಜಿ (ಕಿಡ್ನಿ ವೈದ್ಯಕೀಯ) ಗೊತ್ತಿರೋರು ಇದ್ರೆ ದಯವಿಟ್ಟು ಕಾಮೆಂಟ್ ಮಾಡಿ, ರಿಪೋರ್ಟ್ ಎಲ್ಲಾ ಕಳಿಸ್ತೀನಿ. ನಾಟಿ ಔಷಧಿ ಮಾತ್ರ ಹೇಳ್ಬೇಡಿ ಪ್ಲೀಸ್.